ಓದಿ ಹೇಳಲಾಯಿತು, ಕೇಳಿ ಒಪ್ಪಿದರು

ಹುಟ್ಟಿನಿಂದ ಕಿವಿ ಕೇಳದ, ಮಾತು ಬಾರದ, ಐವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬಳನ್ನು ಆಕೆಯ ಒಡಹುಟ್ಟಿದ ತಮ್ಮನೇ ಊರಾಚೆಯ ಕುರಿರೊಪ್ಪದಲ್ಲಿ, ಕಾಲಿಗೆ ಹಗ್ಗ ಬಿಗಿದು, ಗೂಟಕ್ಕೆ ಕಟ್ಟಿ ಮಲಗಿಸುತ್ತಿದ್ದ. ಈ ಸಂಗತಿ ನಮ್ಮ ಗ್ರಾಮ ಪಂಚಾಯಿತಿಗೆ ಲಿಖಿತವಾಗಿ ತಿಳಿದ ಮೇಲೂ ಏಳು ತಿಂಗಳು ಆಕೆ ಅದೇ ಗೂಟದ ಬಳಿ ಮಲಗಿದಳು. ಆ ಏಳು ತಿಂಗಳನ್ನು ಸಾಧ್ಯವಾಗಿಸಿದ್ದು ಒಂದು ಕಾಗದ. ಅದನ್ನು ಬರೆದವನು ನಾನು.

ಆಗ ನಾನು ಮೊಳಕಾಲ್ಮೂರು ತಾಲ್ಲೂಕಿನಲ್ಲಿ, ರಾಂಪುರದ ಕಡೆಯ ಒಂದು ಗ್ರಾಮ ಪಂಚಾಯಿತಿಯ ಕಾರ್ಯದರ್ಶಿ. ಮನೆ ಚಳ್ಳಕೆರೆಯಲ್ಲಿ, ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಮರಳುತ್ತಿದ್ದೆ. ನಿವೃತ್ತಿಗೆ ಮೂರು ತಿಂಗಳು ಉಳಿದಿತ್ತು. ನನ್ನ ವಹಿಗಳಲ್ಲಿ ಒಂದು ಗೀಚಾಗಲಿ, ಚಿತ್ತಾಗಲಿ ಇರಲಿಲ್ಲ. ತಪಾಸಣೆಗೆ ಬಂದ ಮೇಲಧಿಕಾರಿಗಳು, ಬಂದ ಅರ್ಜಿಗಳನ್ನು ದಾಖಲಿಸುವ ನನ್ನ ಆವಕ ವಹಿಯನ್ನು ಪಕ್ಕದ ಪಂಚಾಯಿತಿಯವರಿಗೆ ತೋರಿಸಿ ಹೀಗೆ ಬರೆಯಬೇಕೆಂದು ಹೇಳುತ್ತಿದ್ದರು. ನನಗೆ ಇನ್ನೊಂದು ಸ್ವಭಾವವೂ ಇದೆ. ನನ್ನನ್ನು ಯಾರು, ಎಲ್ಲಿ, ಯಾವ ಮಾತಿನಿಂದ ಹಗುರ ಮಾಡಿದರೆಂಬುದನ್ನು ನಾನು ಮರೆಯುವುದಿಲ್ಲ. ಈ ಎರಡೂ ಸೇರಿದ್ದರಿಂದಲೇ ಮುಂದಿನದೆಲ್ಲ ನಡೆಯಿತು.

ದೂರು ತಂದವರು ನಮ್ಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತೆ. ಅಂಗವಿಕಲರ ಮನೆಗಳಿಗೆ ಹೋಗಿ ಅವರ ಸ್ಥಿತಿಗತಿ ನೋಡುವುದು, ಸೌಲಭ್ಯಗಳಿಗೆ ಅರ್ಜಿ ಹಾಕಿಸುವುದು ಆಕೆಯ ಕೆಲಸ. ಸ್ವತಃ ಪೋಲಿಯೊದಿಂದ ಎಡಗಾಲು ಸೋತವರು. ಹಿಂದೆ ಎರಡು ಗಾಲಿ ಜೋಡಿಸಿದ ಸ್ಕೂಟರಿನಲ್ಲಿ ಹಳ್ಳಿ ಹಳ್ಳಿ ಸುತ್ತುತ್ತಿದ್ದರು. ಇಲ್ಲಿ ಬಹುವಚನದಲ್ಲಿ ಬರೆಯುತ್ತಿದ್ದೇನೆ. ಆಗ ಎದುರಿಗೆ ಏಕವಚನದಲ್ಲಿ ಕರೆಯುತ್ತಿದ್ದೆ.

ಅವರು ತಂದದ್ದು ಶಾಲೆಯ ನೋಟ್‌ಬುಕ್ಕಿನಿಂದ ಹರಿದ ಒಂದು ಹಾಳೆ.

"ಸಾರ್, ಆ ಮೂಗಮ್ಮನ ಕಾಲಾಗೆ ಹಗ್ಗದ ಗಾಯ ಐತೆ. ನಾನೇ ನೋಡೀನಿ. ರಾತ್ರಿ ರೊಪ್ಪದಾಗೆ ಕಟ್ಟಿ ಹಾಕ್ತಾರೆ."

ನಾನು ಹಾಳೆಯನ್ನು ನೋಡಿದೆ. ಮಾರ್ಜಿನ್ ಇರಲಿಲ್ಲ. ಯಾರಿಂದ, ಯಾರಿಗೆ ಎಂಬುದಿರಲಿಲ್ಲ. ವಿಷಯವನ್ನು ಪ್ರತ್ಯೇಕವಾಗಿ ಬರೆದಿರಲಿಲ್ಲ.

"ಇದು ಅರ್ಜಿಯಲ್ಲಮ್ಮ, ಚೀಟಿ. ಅರ್ಜಿ ಬರೆದುಕೊಂಡು ಬಾ."

ಎರಡು ದಿನ ಬಿಟ್ಟು ಮತ್ತೆ ತಂದರು. ಈ ಬಾರಿ ಮಾರ್ಜಿನ್ ಇತ್ತು, ದಿನಾಂಕವಿರಲಿಲ್ಲ. ಮತ್ತೆ ವಾಪಸು ಕೊಟ್ಟೆ. ಮೂರನೆಯ ಬಾರಿ ಸ್ವೀಕರಿಸಿ, ಆವಕ ವಹಿಯಲ್ಲಿ ಸಂಖ್ಯೆ ಕೊಟ್ಟು ಅಭಿವೃದ್ಧಿ ಅಧಿಕಾರಿಗಳ ಮೇಜಿಗೆ ಕಳಿಸಿದೆ. ಮೊದಲ ಹಾಳೆಗೂ ಆ ಸಂಖ್ಯೆಗೂ ನಡುವೆ ಒಂಬತ್ತು ದಿನಗಳಿದ್ದವು. ಒಂಬತ್ತು ರಾತ್ರಿಗಳೂ ಇದ್ದವೆಂಬುದು ಆಗ ನನ್ನ ಎಣಿಕೆಗೆ ಬರಲಿಲ್ಲ.

ಮೇಜಿನ ಮೇಲೆ ಅದು ಮಲಗಿದ್ದಾಗಲೇ ಅಂಗವಿಕಲರ ವಿಶೇಷ ಗ್ರಾಮಸಭೆ ಬಂತು. ಪಂಚಾಯಿತಿ ಕಟ್ಟಡದ ಮುಂದೆ ಶಾಮಿಯಾನ, ಎಪ್ಪತ್ತು-ಎಂಬತ್ತು ಜನ. ನಾನು ನಡಾವಳಿ ಬರೆಯುತ್ತಿದ್ದೆ. ಕಾರ್ಯಕರ್ತೆ ಮೈಕು ಹಿಡಿದು, ದೂರಿನ ಗತಿ ಏನಾಯಿತೆಂದು ಕೇಳಿದರು. ಅಭಿವೃದ್ಧಿ ಅಧಿಕಾರಿಗಳು ಪರಿಶೀಲನೆಯಲ್ಲಿದೆ ಎಂದರು. ಆಗ ಆಕೆ ನನ್ನ ಕಡೆ ತಿರುಗಿ, ಮೈಕಿನಲ್ಲೇ ಹೇಳಿದರು:

"ನಮ್ಮ ಸೆಕ್ರೆಟ್ರಿ ಸಾರಿಗೆ ಮಾರ್ಜಿನ್ ನೆಟ್ಟಗಿದ್ರೆ ಸಾಕ್ರಿ. ಮನುಷ್ಯಾ ಸೊಟ್ಟಗಿದ್ರೂ ನಡೀತೈತೆ."

ಜನ ನಕ್ಕರು. ಊರುಗೋಲು ಹಿಡಿದವರು ಊರುಗೋಲನ್ನು ನೆಲಕ್ಕೆ ಬಡಿದು ನಕ್ಕರು. ನಮ್ಮ ಅಧ್ಯಕ್ಷರು ಶಲ್ಯವನ್ನು ಬಾಯಿಗೆ ಒತ್ತಿಕೊಂಡು ನಕ್ಕರು. ನೀರು ಬಿಡುವ ನೀರುಗಂಟಿ ಸಹ ನಕ್ಕ. ನಾನು ಆ ಮಾತನ್ನು ನಡಾವಳಿಯಲ್ಲಿ ಬರೆಯಲಿಲ್ಲ. ಬೇರೆಡೆ ಬರೆದುಕೊಂಡೆ.

ಮರುದಿನ ಅಭಿವೃದ್ಧಿ ಅಧಿಕಾರಿಗಳು ನನ್ನನ್ನು ಕರೆದರು. ವಯಸ್ಸಿನಲ್ಲಿ ನನ್ನ ಮಗನಿಗಿಂತ ಚಿಕ್ಕವರು. ಕೂರಿ ಎನ್ನದೆ ಮೊಬೈಲು ನೋಡುತ್ತಲೇ ಮಾತಾಡಿದರು.

"ಸಾರ್, ಆ ಕೇಸು ನೀವೇ ಒಂದ್ಸಲ ನೋಡಿ ವರದಿ ಕೊಟ್ಬಿಡಿ. ಈ ತಿಂಗಳ ನಮೂನೇಲಿ 'ಇಲ್ಲ' ಅಂತ ಹೋಗ್ಬೇಕು. 'ಇದೆ' ಅಂತ ಹೋದ್ರೆ ನಾಳೆಯಿಂದ ಮೇಲಿನೋರ ಫೋನು ನಿಲ್ಲಲ್ಲ."

ನಮೂನೆ ಎಂದರೆ ತಿಂಗಳಿಗೊಮ್ಮೆ ತಾಲ್ಲೂಕಿಗೆ ಹೋಗುವ ವರದಿ. ಅದರಲ್ಲಿ ಒಂದು ಸಾಲು: ಅಂಗವಿಕಲರು ಮತ್ತು ವೃದ್ಧರ ಮೇಲಿನ ದೌರ್ಜನ್ಯ ಪ್ರಕರಣಗಳು. ಅದರ ಮುಂದೆ ಒಂದು ಚೌಕ. ಅಧ್ಯಕ್ಷರು ಬಾಗಿಲಲ್ಲಿ ನಿಂತು ಸೇರಿಸಿದರು: "ಅಕ್ಕ-ತಮ್ಮರ ಮನೆ ಇಚಾರ ರೀ ಅದು. ನಾಳೆ ಅವರು ಒಂದಾಗ್ತಾರೆ, ನಾವು ಕೆಟ್ಟೋರಾಗ್ತೀವಿ. ಸೆಕ್ರೆಟ್ರಿ, ಸುಮ್ನೆ ಹೋಗಿ ಬಂದ್ಬಿಡ್ರಿ."

ಅವರು ಹೇಳಿದ್ದರಿಂದ ನಾನು ಹಾಗೆ ಬರೆದೆನೆಂದರೆ ಸುಳ್ಳಾದೀತು. ಹೇಳದಿದ್ದರೂ ಹಾಗೆಯೇ ಬರೆಯುತ್ತಿದ್ದೆ. ಆ ಶಾಮಿಯಾನದ ನಗು ಇನ್ನೂ ನನ್ನ ಕಿವಿಯಲ್ಲಿತ್ತು. ಕಾರ್ಯಕರ್ತೆಯ ಮಾತು ಸುಳ್ಳೆಂದು ಕಾಗದದಲ್ಲಿ ಸ್ಥಾಪಿಸುವ ಅವಕಾಶ ಒದಗಿ ಬಂದಿತ್ತು.

ನಮ್ಮ ಕಡೆ ಯಾರದೇ ಮನೆಗೆ ಪಂಚಾಯಿತಿಯವರು ಹೇಳದೆ ಹೋಗುವುದಿಲ್ಲ. ಹೋಗುವ ಮುನ್ನಾದಿನ ನೀರುಗಂಟಿ ನಲ್ಲಿ ಬಿಡಲು ಹೋದಾಗ ಬಾಗಿಲಲ್ಲಿ ನಿಂತು, "ನಾಳೆ ಸಾಹೇಬ್ರು ಬರ್ತಾರಂತೆ" ಎಂದು ಹೇಳಿ ಬರುತ್ತಾನೆ. ಹೆಂಗಸರಿರುವ ಮನೆ, ಹೇಳದೆ ಹೊಕ್ಕರೆ ದಬ್ಬಾಳಿಕೆಯಾಗುತ್ತದೆ, ಮನೆಯವರಿಗೆ ಅವಮಾನವಾಗುತ್ತದೆ. ನಾನು ಈ ಪದ್ಧತಿಯನ್ನು ಕಟ್ಟುನಿಟ್ಟಾಗಿ ಪಾಲಿಸಿದವನು. ಅವತ್ತೂ ನೀರುಗಂಟಿಯನ್ನು ಕಳಿಸಿದೆ. ಕಾಲು ಕಟ್ಟಿದವನ ಮನೆಗೆ, ಕಟ್ಟಿದ್ದನ್ನು ನೋಡಲು ನಾಳೆ ಬರುತ್ತೇನೆಂದು ಮರ್ಯಾದೆಯಿಂದ ಹೇಳಿ ಕಳಿಸಿದೆ.

ಮನೆ ಸಾರಿಸಿತ್ತು. ಪಡಸಾಲೆಯಲ್ಲಿ ಕಂಬಳಿ ಹಾಸಿತ್ತು. ಅದರ ಮೇಲೆ ಆಕೆ ಕೂತಿದ್ದಳು. ತಲೆಗೆ ಎಣ್ಣೆ ಹೆಚ್ಚಾಗಿ ಕಪೋಲಕ್ಕೆ ಇಳಿಯುತ್ತಿತ್ತು. ಉಟ್ಟ ಸೀರೆಯಲ್ಲಿ ಅಂಗಡಿಯ ಮಡಿಕೆಯ ಗೆರೆಗಳು ಹಾಗೇ ಇದ್ದವು. ಸೋಪಿನ ವಾಸನೆಯ ಅಡಿಯಲ್ಲಿ ಕುರಿಯ ವಾಸನೆ ಬರುತ್ತಿತ್ತು. ಸೆರಗನ್ನು ಸುತ್ತಿ ಎರಡೂ ಪಾದಗಳ ಮೇಲೆ ಹೊದಿಸಿದ್ದರು. ನಾನು ಎಲ್ಲವನ್ನೂ ನೋಡಿದೆ. ಗಮನಿಸಲಿಲ್ಲ ಎಂದು ಹೇಳಿಕೊಳ್ಳುವ ಸೌಲಭ್ಯ ನನ್ನಂಥವನಿಗೆ ಇಲ್ಲ.

ತಮ್ಮ ಬಾಗಿಲಿಗೆ ಒರಗಿ ನಿಂತಿದ್ದ. ತಮ್ಮನ ಹೆಂಡತಿ ಆಕೆಯ ಪಕ್ಕದಲ್ಲಿ ಮೊಣಕಾಲೂರಿದ್ದಳು. ಮನೆಮಾತು ತೆಲುಗು, ಗಂಡನ ಅಕ್ಕನನ್ನು 'ವದಿನ' ಎನ್ನುತ್ತಿದ್ದಳು.

"ನಮ್ಮ ವದಿನ ಏನು ಅಂತಾಳೋ ನನಗೊಬ್ಬಳಿಗೇ ತಿಳೀತೈತೆ ಸಾಹೇಬ್ರೇ. ನೀವು ಕೇಳ್ರಿ, ನಾನು ಹೇಳ್ತೀನಿ."

ನಾನು ಜೇಬಿನಿಂದ ಪುಟ್ಟ ಪುಸ್ತಕ ತೆಗೆದೆ. ಸ್ಥಳದಲ್ಲಿ ಕಂಡದ್ದನ್ನು ಕಂಡಂತೆ ಅದರಲ್ಲಿ ಬರೆದುಕೊಂಡು, ಕಚೇರಿಗೆ ಬಂದು ನೆಟ್ಟಗೆ ಪ್ರತಿ ಮಾಡುವುದು ನನ್ನ ಕ್ರಮ. ಊಟ, ಬಟ್ಟೆ, ನಿದ್ದೆ ಸರಿಯಾಗಿದೆಯೇ ಎಂದು ಕೇಳಿದೆ. ತಮ್ಮನ ಹೆಂಡತಿ ಕೈ ಆಡಿಸಿ ಏನೋ ಸನ್ನೆ ಮಾಡಿದಳು. ಆಕೆ ಅವಳನ್ನು ನೋಡಲಿಲ್ಲ. ನನ್ನನ್ನು ನೋಡಿದಳು. ನೋಡುತ್ತಲೇ ನಾಲ್ಕು ಸನ್ನೆ ಮಾಡಿದಳು. ಮೊದಲು ಎರಡು ಬೆರಳನ್ನು ಕತ್ತರಿಯಂತೆ ತನ್ನ ಎಡಗಿವಿಯ ತುದಿಯಲ್ಲಿ ಆಡಿಸಿದಳು. ಆಮೇಲೆ ಸೆರಗಿನ ಮೇಲಿಂದಲೇ ಬಲಗಾಲಿನ ಹರಡನ್ನು ಕೈಯಿಂದ ಸುತ್ತಿ, ಗಂಟು ಬಿಗಿಯುವಂತೆ ಜಗ್ಗಿದಳು. ಆಮೇಲೆ ಅಂಗೈಗೆ ಕೆನ್ನೆಯಿಟ್ಟಳು. ಕೊನೆಗೆ ಬಾಗಿಲಾಚೆ, ದೂರಕ್ಕೆ ಕೈ ತೋರಿಸಿದಳು.

"ತಲೆಕೂದ್ಲು ಕತ್ತರಿಸ್ರಿ ಅಂತಾಳೆ," ಎಂದಳು ತಮ್ಮನ ಹೆಂಡತಿ. "ಕಾಲು ಸೆಳೀತೈತಂತೆ. ವಯಸ್ಸಾತಲ್ಲ. ನಿದ್ದೆ ಚೆನ್ನಾಗಿ ಬರ್ತೈತಂತೆ. ಹೊರಗೆ ಬಿಸಿಲು ಜಾಸ್ತಿ ಅಂತಾಳೆ ನೋಡ್ರಿ, ನಿಮಗೆ ಮಜ್ಜಿಗೆ ಕೊಡು ಅಂತ!"

ತಮ್ಮ ನಕ್ಕ. ನನಗೂ ನಗು ಬಂತು. ಮಜ್ಜಿಗೆಯೂ ಬಂತು, ಕುಡಿದೆ.

ಪಾದ ತೋರಿಸಿ ಎಂದು ಕೇಳಲಿಲ್ಲ. ಪರಸ್ತ್ರೀಯ ಸೆರಗು ಸರಿಸಲು ಹೇಳುವುದು ನನ್ನ ಸಂಸ್ಕಾರಕ್ಕೆ ಒಗ್ಗದ ಮಾತು ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಕಾರ್ಯಕರ್ತೆಯನ್ನು ಜೊತೆಗೆ ಕರೆದೊಯ್ದಿದ್ದರೆ ಹೆಣ್ಣುಮಗಳೊಬ್ಬಳು ನೋಡುತ್ತಿದ್ದಳು. ಕರೆದೊಯ್ಯಲಿಲ್ಲ. ಯಾಕೆಂಬುದನ್ನು ಆಗಲೇ ಹೇಳಿದ್ದೇನೆ.

ಕಚೇರಿಗೆ ಬಂದು ಹೇಳಿಕೆಯನ್ನು ಪ್ರತಿ ಮಾಡಿದೆ. 'ನಾನು ನನ್ನ ತಮ್ಮನ ಮನೆಯಲ್ಲಿ ಸುಖವಾಗಿದ್ದೇನೆ. ಊಟ, ಬಟ್ಟೆಗೆ ಕೊರತೆಯಿಲ್ಲ. ಯಾರೂ ನನಗೆ ತೊಂದರೆ ಕೊಟ್ಟಿಲ್ಲ.' ಪುಟ್ಟ ಪುಸ್ತಕದಲ್ಲಿದ್ದ ನಾಲ್ಕು ಸನ್ನೆಗಳನ್ನು ಸೇರಿಸಲಿಲ್ಲ. ಎರಡನೆಯ ಸನ್ನೆಯ ಮೇಲೆ ಲೇಖನಿ ನಿಂತಿತ್ತು. ಕಾಲು ಸೆಳೆಯುವುದನ್ನು ತೋರಿಸಲು ಯಾರೂ ಗಂಟು ಬಿಗಿಯುವುದಿಲ್ಲ. ಇದು ನನಗೆ ಹೊಳೆಯಿತು. ಹೊಳೆದ ಮೇಲೆ ಲೇಖನಿ ಮುಂದೆ ಹೋಯಿತು. ಅಡಿಯಲ್ಲಿ ಎಲ್ಲ ಹೇಳಿಕೆಗಳಿಗೂ ಬರೆಯುವ ಸಾಲನ್ನು ಕೈ ತಾನಾಗಿಯೇ ಬರೆಯಿತು: 'ಮೇಲ್ಕಂಡ ಹೇಳಿಕೆಯನ್ನು ಓದಿ ಹೇಳಲಾಯಿತು, ಕೇಳಿ ಸರಿಯೆಂದು ಒಪ್ಪಿದರು.'

ಹೆಬ್ಬೆಟ್ಟಿಗಾಗಿ ಮರುದಿನ ಇಂಕ್ ಪ್ಯಾಡು ಹಿಡಿದು ಮತ್ತೆ ಹೋದೆ. ಆಕೆ ಕೈಯನ್ನು ಹಿಂದಕ್ಕೆಳೆದುಕೊಂಡಳು. ತಮ್ಮನ ಹೆಂಡತಿ, "ಮಸಿ ಅಂದ್ರೆ ಅಸಹ್ಯ ಪಡ್ತಾಳ್ರಿ" ಎಂದಳು. ನಾನು ಆಕೆಯ ಎಡಗೈಯನ್ನು ಹಿಡಿದು, ಹೆಬ್ಬೆರಳನ್ನು ಮಸಿಗೆ ಅದ್ದಿ, ಕಾಗದದ ಮೇಲೆ ಒತ್ತಿದೆ. ಗುರುತು ಸ್ವಚ್ಛವಾಗಿ ಮೂಡಿತು. ಚಿತ್ತಾಗಲಿಲ್ಲ.

ವರದಿ ಹೋಯಿತು. ಚೌಕದಲ್ಲಿ 'ಇಲ್ಲ' ಎಂದು ತುಂಬಲಾಯಿತು. ಕಾರ್ಯಕರ್ತೆಗೆ ಹಿಂಬರಹ ಕೊಟ್ಟೆ: 'ತಮ್ಮ ದೂರಿನಲ್ಲಿ ಹುರುಳಿಲ್ಲವೆಂದು ಸ್ಥಳ ಪರಿಶೀಲನೆಯಿಂದ ಕಂಡುಬಂದಿದೆ.' ಆಕೆ ಅದನ್ನು ನಿಂತೇ ಓದಿದರು. "ಮಾರ್ಜಿನ್ ಚೆನ್ನಾಗಿ ಬಿಟ್ಟೀರಿ ಸಾರ್" ಎಂದರು. ಈ ಸಲ ಯಾರೂ ನಗಲಿಲ್ಲ. ಮೂರು ತಿಂಗಳ ನಂತರ ಹಾರ, ಶಾಲು, ಫಲತಾಂಬೂಲಗಳೊಂದಿಗೆ ನಾನು ನಿವೃತ್ತನಾದೆ. ಅಂದಿನ ಭಾಷಣದಲ್ಲಿ ಅಧ್ಯಕ್ಷರು ನನ್ನ ಅಕ್ಷರವನ್ನು ಹೊಗಳಿದರು.

ಅದಾಗಿ ನಾಲ್ಕು ತಿಂಗಳಿಗೆ ಪಶುಪಾಲನಾ ಇಲಾಖೆಯವರು ಕುರಿಗಳಿಗೆ ಲಸಿಕೆ ಹಾಕಲು ಆ ಊರಿಗೆ ಹೋದರು. ಲಸಿಕೆಯವರು ಯಾವಾಗಲೂ ನಸುಕಿನಲ್ಲೇ ಹೋಗುತ್ತಾರೆ. ಬಿಸಿಲೇರಿದರೆ ಕುರಿಗಳು ಮೇಯಲು ಹೊರಟುಬಿಡುತ್ತವೆ. ಅವರು ಯಾರಿಗೂ ಮುಂಚಿತವಾಗಿ ಹೇಳಿ ಕಳಿಸುವುದಿಲ್ಲ, ಹೇಳಿದರೆ ಕೆಲವರು ಕುರಿಗಳನ್ನು ಬೇರೆ ಕಡೆ ಹೊಡೆದುಬಿಡುತ್ತಾರೆಂದು. ರೊಪ್ಪದ ಮುಳ್ಳುಬೇಲಿ ಸರಿಸಿ ಒಳಹೊಕ್ಕ ಪಶುವೈದ್ಯ ಸಹಾಯಕ ಕಂಡದ್ದನ್ನು ಆಮೇಲೆ ನನಗೇ ಹೇಳಿದ:

"ನೂರಾ ಚಿಲ್ಲರೆ ಕುರಿ ಇದ್ದವು ಸಾರ್. ಒಂದಕ್ಕೂ ಹಗ್ಗ ಇರಲಿಲ್ಲ. ಈಯಮ್ಮಂಗೆ ಇತ್ತು."

ಅವನು ಕಾರ್ಯಕರ್ತೆಗೆ ಫೋನು ಮಾಡಿದ. ಆಕೆ ಸ್ಕೂಟರಿನಲ್ಲಿ ಬಂದು, ಹಗ್ಗ ಬಿಚ್ಚುವ ಮೊದಲು ಫೋಟೋ ತೆಗೆದು, ಆಂಬುಲೆನ್ಸ್ ಕರೆಸಿದರು. ಗಾಯಕ್ಕೆ ಹುಳ ಬಿದ್ದಿತ್ತು. ಮೊಳಕಾಲ್ಮೂರಿನಲ್ಲಿ ತೊಳೆದು ಕಟ್ಟಿ, ಅಲ್ಲಿಂದ ಚಳ್ಳಕೆರೆಯ ಆಸ್ಪತ್ರೆಗೆ ಕಳಿಸಿದರು. ಕಾಲು ಉಳಿಯಿತು, ಹರಡಿನ ನರ ಉಳಿಯಲಿಲ್ಲ.

ನನಗೆ ಇದು ತಿಳಿದದ್ದು ನೋಟೀಸಿನಿಂದ. ಅಂಗವಿಕಲರನ್ನು ಹಿಂಸೆಯಿಂದ ಬಿಡಿಸಿ ರಕ್ಷಣೆ ಕೊಡುವ ಅಧಿಕಾರ ದಂಡಾಧಿಕಾರಿಯಾಗಿ ತಹಶೀಲ್ದಾರರಿಗೆ ಇದೆ. ಅವರು ವಿಚಾರಣೆ ಇಟ್ಟಿದ್ದರು. ತೀರ್ಮಾನವಾಗಬೇಕಾದದ್ದು ಒಂದೇ: ಆಸ್ಪತ್ರೆಯಿಂದ ಬಿಡುಗಡೆಯಾದ ಮೇಲೆ ಆಕೆ ತಮ್ಮನ ಮನೆಗೆ ಮರಳಬೇಕೆ, ಬೇಡವೇ. ತಮ್ಮನ ಪರ ವಕೀಲರು ಒಂದೇ ದಾಖಲೆ ಹಾಜರುಪಡಿಸಿದ್ದರು. ಗಾಯ ಮುಳ್ಳುಬೇಲಿಗೆ ಸಿಕ್ಕಿ ಆದದ್ದು, ಕಟ್ಟಿದ್ದು ಅದೊಂದು ದಿನ ಮಾತ್ರ, ಆಕೆ ಸುಖವಾಗಿದ್ದಳೆಂಬುದಕ್ಕೆ ಸರ್ಕಾರಿ ನೌಕರನೇ ಬರೆದುಕೊಂಡ ಆಕೆಯ ಹೇಳಿಕೆ ಇದೆ. ಬರೆದುಕೊಂಡವನು ಬಂದು ದೃಢೀಕರಿಸಬೇಕು.

ನೋಟೀಸು ಬಂದ ಸಂಜೆಯೇ ಅಭಿವೃದ್ಧಿ ಅಧಿಕಾರಿಗಳ ಫೋನು ಬಂತು.

"ಸಾರ್, ಮಾಮೂಲಿ ಪ್ರಕಾರ ಹೇಳಿಕೆ ತಗೊಂಡೆ ಅನ್ನಿ, ಅಷ್ಟೇ. ನಿಮ್ಮ ನಿವೃತ್ತಿ ಕಾಗದ ಇನ್ನೂ ಮೇಲೆ ಐತಲ್ಲಾ... ಈಗ ಯಾಕೆ ಬೇಕು ತಲೆನೋವು."

ಮರುದಿನ ಆಸ್ಪತ್ರೆಗೆ ಹೋದೆ. ನಮ್ಮ ಮನೆಯಿಂದ ನಡೆದು ಹೋಗುವಷ್ಟೇ ದೂರ. ಆಕೆ ಗೋಡೆ ಕಡೆಯ ಮಂಚದಲ್ಲಿದ್ದಳು. ಬಲಗಾಲಿಗೆ ಮೊಣಕಾಲಿನವರೆಗೆ ಬಿಳಿ ಪಟ್ಟಿ. ಪಕ್ಕದಲ್ಲಿ ಕಾರ್ಯಕರ್ತೆ ಕೂತು ಎಳನೀರಿಗೆ ಕೊಳವೆ ಇಡುತ್ತಿದ್ದರು. ಆಕೆ ನನ್ನನ್ನು ಕಂಡಕೂಡಲೇ ಎಡಗೈಯನ್ನು ಹೊದಿಕೆಯ ಒಳಗೆ ಎಳೆದುಕೊಂಡಳು.

"ಇವತ್ತು ಪ್ಯಾಡು ತಂದಿಲ್ಲ ತಾಯಿ, ಹೆದರಬ್ಯಾಡ," ಎಂದರು ಕಾರ್ಯಕರ್ತೆ, ಆಕೆಗಲ್ಲ, ನನಗೆ ಕೇಳಲೆಂದು.

ನಾನು ಸ್ಟೂಲು ಎಳೆದುಕೊಂಡು ಕೂತೆ. ನನ್ನನ್ನು ಕೂರಿಸುವವರು ಯಾರೂ ಇರಲಿಲ್ಲ. ಕೇಳಿದೆ: "ಈಕೆ ಕಿವಿಯ ಹತ್ತಿರ ಹೀಗೆ ಬೆರಳಾಡಿಸಿದರೆ ಏನಮ್ಮ ಅರ್ಥ?"

ಕಾರ್ಯಕರ್ತೆ ಎಳನೀರನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದರು. "ಯಾವಾಗ ಮಾಡಿದ್ರು?"

"ನಾನು ಹೋಗಿದ್ದಾಗ."

"ಮರಿ ಹುಟ್ಟಿದ್ರೆ ನಮ್ಮದೇ ಅಂತ ಗುರ್ತಿಗೆ ಕಿವಿ ತುದಿ ಕತ್ತರಿಸ್ತಾರಲ್ಲ ಸಾರ್, ಆ ಮನೇಲಿ ಆ ಕೆಲ್ಸ ಮಾಡೋನು ತಮ್ಮ. ಈಯಮ್ಮಂಗೆ ತಮ್ಮ ಅಂದ್ರೆ ಅದೇ. ಹಗ್ಗ ಹಾಕೋಕೆ ಮುಂಚೆ, ಹಗಲೊತ್ತು ರೊಪ್ಪದಾಗೆ ಆರು ತಿಂಗಳು ಕೂತು ಕಲ್ತೀನಿ ನಾನು." ಮತ್ತೆ ಕೇಳಿದರು: "ಆಮೇಲೆ ಏನು ಮಾಡಿದ್ರು?"

ಉಳಿದ ಮೂರನ್ನು ನಾನು ಮನಸ್ಸಿನಲ್ಲೇ ಜೋಡಿಸಿಕೊಂಡೆ. ತಮ್ಮ. ಕಾಲಿಗೆ ಗಂಟು. ಮಲಗುವುದು. ಹೊರಗೆ, ದೂರ. ಆಕೆ ಒಂದು ಪೂರ್ತಿ ವಾಕ್ಯ ಹೇಳಿದ್ದಳು. ಸರ್ಕಾರದ ಪರವಾಗಿ ಕೇಳಲು ಕೂತವನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದ್ದಳು. ಅದನ್ನು ಕೇಳಲು ಕಿವಿ ಬೇಕಿರಲಿಲ್ಲ. ನಾನು ಮಜ್ಜಿಗೆ ಕುಡಿದು ಎದ್ದು ಬಂದಿದ್ದೆ.

ಮನೆಗೆ ಬಂದು ಕಬ್ಬಿಣದ ಪೆಟ್ಟಿಗೆ ತೆರೆದೆ. ಮೂವತ್ತು ವರ್ಷಗಳ ಪುಟ್ಟ ಪುಸ್ತಕಗಳು ವರ್ಷವಾರು ದಾರ ಕಟ್ಟಿ ಇದ್ದವು. ಬೇಕಾದ ಪುಟ ಸಿಕ್ಕಿತು. ನಾಲ್ಕು ಸನ್ನೆಗಳೂ ಕ್ರಮವಾಗಿ, ಅವುಗಳ ಮುಂದೆ ತಮ್ಮನ ಹೆಂಡತಿ ಕೊಟ್ಟ ಅರ್ಥಗಳೂ ಇದ್ದವು. ಹಿಂದಿನ ಪುಟದಲ್ಲಿ, ಗ್ರಾಮಸಭೆಯ ದಿನಾಂಕದಡಿಯಲ್ಲಿ, ಮಾರ್ಜಿನ್ನಿನ ಆ ಮಾತು ಇತ್ತು. ಅದರ ಕೆಳಗೆ ನನ್ನದೇ ಕೈಯಲ್ಲಿ, 'ಇದಕ್ಕೆ ತಕ್ಕ ಉತ್ತರ ಕೊಡಬೇಕು' ಎಂದು. ಎರಡು ಪುಟಗಳೂ ಒಂದೇ ಹಾಳೆಯ ಎರಡು ಬದಿ. ಒಂದನ್ನು ತೋರಿಸಿ ಇನ್ನೊಂದನ್ನು ಮುಚ್ಚುವಂತಿರಲಿಲ್ಲ.

ಹಾಳೆಯನ್ನು ಹರಿದುಹಾಕಬಹುದಿತ್ತು. ಅಂಥ ಪುಸ್ತಕವಿದೆಯೆಂದು ಯಾರಿಗೂ ಗೊತ್ತಿರಲಿಲ್ಲ. ವಿಚಾರಣೆಯ ದಿನದವರೆಗೆ ಈ ಯೋಚನೆ ನನ್ನಲ್ಲಿ ಇತ್ತು ಎಂಬುದನ್ನೂ ಇಲ್ಲಿ ದಾಖಲಿಸಬೇಕು.

ಅವತ್ತು ಮೊಳಕಾಲ್ಮೂರಿನ ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರು ಹೇಳಿಕೆಯನ್ನು ಗಟ್ಟಿಯಾಗಿ ಓದಿದರು. ಕೊನೆಯ ಸಾಲಿಗೆ ಬಂದಾಗ ನಿಂತರು.

"ಓದಿ ಹೇಳಲಾಯಿತು, ಕೇಳಿ ಸರಿಯೆಂದು ಒಪ್ಪಿದರು. ಅಲ್ರೀ, ಹುಟ್ಟುಕಿವುಡಿ ಅಂತ ಮೇಲೆ ಬರೆದೀರಿ, ಕೆಳಗೆ ಕೇಳಿದಳು ಅಂತೀರಿ! ಕಿವಿ ಏನು ನೀವೇ ಹೊತ್ಕೊಂಡು ಹೋಗಿದ್ರಾ?"

ಕೋಣೆಯಲ್ಲಿ ನಗು. ತಮ್ಮನೂ ನಕ್ಕ, ಅಭಿವೃದ್ಧಿ ಅಧಿಕಾರಿಗಳೂ ನಕ್ಕರು. ಶಾಮಿಯಾನದ ನಗುವನ್ನು ಎಂಟು ತಿಂಗಳು ಹೊತ್ತು ತಿರುಗಿದವನಿಗೆ ಇದನ್ನು ಹೊರುವುದು ಎಷ್ಟರ ಕೆಲಸ? ಆದರೆ ಈ ನಗುವಿನಲ್ಲಿ ಅನ್ಯಾಯ ಹುಡುಕಿದರೂ ಸಿಗಲಿಲ್ಲ. ಅವಮಾನವಾಗಿದೆ ಎಂದು ಮೊದಲ ಬಾರಿಗೆ ಒಪ್ಪಿಕೊಂಡೆ, ಮಾಡಿದವರ ಹೆಸರು ಬರೆದುಕೊಳ್ಳದೆ.

ತಹಶೀಲ್ದಾರರು ಕೇಳಿದರು: "ಇದು ನಿಮ್ಮ ಅಕ್ಷರವೇ?"

"ಹೌದು. ಅಕ್ಷರ ನನ್ನದು. ಹೇಳಿಕೆ ಆಕೆಯದಲ್ಲ."

ವಕೀಲರು ಎದ್ದರು. ತಹಶೀಲ್ದಾರರು ಕೈ ತೋರಿಸಿ ಅವರನ್ನು ಕೂರಿಸಿದರು. ನಾನು ನಿಂತೇ ಹೇಳಿದೆ. ಒಂದು, ಭೇಟಿಯನ್ನು ಮುನ್ನಾದಿನವೇ ಮನೆಯವರಿಗೆ ತಿಳಿಸಿದ್ದೆ. ಎರಡು, ಆಕೆಯ ಮಾತಿಗೆ ಅರ್ಥ ಹೇಳಿದವಳು ಯಾರ ಮೇಲೆ ದೂರಿತ್ತೋ ಅವನ ಹೆಂಡತಿ. ಮೂರು, ಪಾದ ನೋಡಲಿಲ್ಲ. ನಾಲ್ಕು, ಹೆಬ್ಬೆಟ್ಟನ್ನು ಆಕೆ ಒತ್ತಲಿಲ್ಲ, ನಾನು ಒತ್ತಿದೆ. ಇಷ್ಟು ಹೇಳಿ ಪುಟ್ಟ ಪುಸ್ತಕವನ್ನು ಮೇಜಿನ ಮೇಲಿಟ್ಟೆ. ತಹಶೀಲ್ದಾರರು ಹಾಳೆಯ ಎರಡೂ ಬದಿ ಓದಿದರು. ಮಾರ್ಜಿನ್ನಿನ ಮಾತಿದ್ದ ಬದಿಯನ್ನು ಓದಿ ನನ್ನನ್ನು ನೋಡಿದ ನೋಟವನ್ನು ಇಲ್ಲಿ ವರ್ಣಿಸಲಾರೆ.

"ಇವತ್ತೇ ಆಸ್ಪತ್ರೆಗೆ ಹೋಗಿ ಆಕೆಯನ್ನು ಕೇಳೋಣ. ಕಾರ್ಯಕರ್ತೆಯೇ ಸನ್ನೆ ಬಿಡಿಸಿ ಹೇಳಲಿ," ಎಂದರು.

"ಬೇಡ," ಎಂದೆ. ಕಾರ್ಯಕರ್ತೆಯ ಮುಖ ಕೆಂಪಾಯಿತು. "ಇವರು ದೂರುದಾರರು. ಒಂದು ಕಡೆಯವರನ್ನು ಕೂರಿಸಿಕೊಂಡು ನಾನು ಮಾಡಿದ ತಪ್ಪನ್ನು ಇನ್ನೊಂದು ಕಡೆಯವರನ್ನು ಕೂರಿಸಿಕೊಂಡು ಮಾಡಬೇಡಿ. ನಾಳೆ ಮೇಲ್ಮನವಿಯಲ್ಲಿ ಅದೇ ಮಾತು ಬರುತ್ತದೆ. ಈ ಪುಸ್ತಕವನ್ನೂ ಆಕೆಗಾಗಲಿ ಇವರಿಗಾಗಲಿ ತೋರಿಸಬೇಡಿ."

ಪುಸ್ತಕವನ್ನು ಲಕೋಟೆಗೆ ಹಾಕಿ ಮೊಹರು ಮಾಡಿದರು. ಹೊರಗೆ ಬಂದಾಗ ಕಾರ್ಯಕರ್ತೆ ಸ್ಕೂಟರಿನ ಮೇಲೆ ಕೂತು ಹೇಳಿದರು: "ಇವತ್ತೂ ನನ್ನ ಅರ್ಜಿ ವಾಪಸ್ ಕೊಟ್ರಲ್ಲ ಸಾರ್." ಗೇಟಿನವರೆಗೆ ಹೋದವರು ತಿರುಗಿ ಬಂದು, "ಆದ್ರೆ ಈ ಸಲ ಸರಿ ಐತೆ ಬಿಡ್ರಿ" ಎಂದು ಹೇಳಿ ಹೋದರು.

ವಾರದ ನಂತರ ಕಿವುಡ ಮಕ್ಕಳ ಶಾಲೆಯ ಶಿಕ್ಷಕಿಯೊಬ್ಬರನ್ನು ಕರೆಸಿದರು. ಆ ಊರನ್ನು ಕಂಡವರಲ್ಲ, ಈ ಎರಡು ಕಡೆಯವರಲ್ಲಿ ಯಾರ ಪರಿಚಯವೂ ಇರಲಿಲ್ಲ. ಎರಡು ದಿನ ಆಸ್ಪತ್ರೆಯಲ್ಲಿ ಆಕೆಯ ಜೊತೆ ಕೂತು, ಆಕೆಯ ಸನ್ನೆಗಳಿಗೆ ಒಗ್ಗಿಕೊಂಡು ಬಂದರು. ತಮ್ಮನ ಹೆಂಡತಿಯನ್ನು, ಕಾರ್ಯಕರ್ತೆಯನ್ನು, ವಕೀಲರನ್ನು ಹೊರಗೆ ಕೂರಿಸಿದರು. ತಮ್ಮನನ್ನು ಅದೇ ವಯಸ್ಸಿನ ಮೂವರು ಗಂಡಸರ ನಡುವೆ ಗೋಡೆಗೆ ನಿಲ್ಲಿಸಿದರು. ನಾನು ಮೂಲೆಯಲ್ಲಿ ನಿಂತಿದ್ದೆ.

ಗಾಲಿಕುರ್ಚಿಯಲ್ಲಿ ಆಕೆಯನ್ನು ತಂದರು. ಶಿಕ್ಷಕಿ ಪಟ್ಟಿ ಸುತ್ತಿದ ಕಾಲನ್ನು ತೋರಿಸಿ, ಹುಬ್ಬೇರಿಸಿ, ಅಂಗೈ ಬಿಚ್ಚಿದರು: ಏನಾಯಿತು?

ಆಕೆ ಕೋಣೆಯನ್ನೆಲ್ಲ ಒಮ್ಮೆ ನೋಡಿದಳು. ಎರಡು ಬೆರಳು ಎಡಗಿವಿಯ ತುದಿಗೆ ಹೋದವು. ಆಮೇಲೆ ಹರಡಿನ ಸುತ್ತ ಕೈ ಸುತ್ತಿ ಗಂಟು ಜಗ್ಗಿದಳು. ಅಂಗೈಗೆ ಕೆನ್ನೆಯಿಟ್ಟಳು. ಬಾಗಿಲಾಚೆ, ದೂರಕ್ಕೆ ಕೈ ಚಾಚಿದಳು.

ತಹಶೀಲ್ದಾರರು ಲಕೋಟೆ ಒಡೆದು ಹಾಳೆಯನ್ನು ನೋಡಿದರು. ನಾಲ್ಕಕ್ಕೆ ನಾಲ್ಕು, ಅದೇ ಕ್ರಮ. ಶಿಕ್ಷಕಿ ಕಿವಿಯ ಸನ್ನೆಯನ್ನು ತಾವು ಮಾಡಿ, ಯಾರು ಎಂದು ಕೇಳಿದರು. ಆಕೆ ನಾಲ್ವರಲ್ಲಿ ತಮ್ಮನ ಕಡೆ ಬೆರಳು ಮಾಡಿದಳು. ಅದರಲ್ಲಿ ಸಿಟ್ಟಿರಲಿಲ್ಲ, ಹೆಸರು ಕೇಳಿದರೆ ಹೇಳುವಂತೆ ಇತ್ತು.

ತಮ್ಮ ಕುಸಿದು ಕೂತ. "ರಾತ್ರಿ ಎದ್ದು ಬಳ್ಳಾರಿ ರೋಡಿಗೆ ಹೋಗ್ತಿದ್ಲು ಸ್ವಾಮಿ. ಲಾರಿ ಸದ್ದು ಕೇಳಲ್ಲ ಅವಳಿಗೆ. ಮನೇಲಿ ಮಗನ ಮದುವೆ ಆದ್ಮೇಲೆ ಜಾಗ ಇರಲಿಲ್ಲ. ಕಟ್ಟಿದ್ದು ಕಾಪಾಡಾಕೆ. ನಮ್ಮಕ್ಕ ಅಲ್ವಾ..." ಅವನು ಅಳುತ್ತಿದ್ದ. ಆ ಅಳು ನಟನೆಯೆಂದು ನನಗೆ ಅನ್ನಿಸಲಿಲ್ಲ. ತಾನು ಮಾಡಿದ್ದು ಸರಿಯೆಂದು ಅವನಿಗೆ ನಿಜವಾಗಿಯೂ ತೋರಿತ್ತು. ಸರಿಯಲ್ಲವೆಂದು ಹೇಳಬೇಕಾದವನು ಅವನ ಪಡಸಾಲೆಗೆ ಬಂದು, ಅವನ ಮಜ್ಜಿಗೆ ಕುಡಿದು, ಎಲ್ಲ ಸರಿಯಿದೆ ಎಂದು ಬರೆದುಕೊಟ್ಟು ಹೋಗಿದ್ದ. ಆಮೇಲಿನ ಏಳು ತಿಂಗಳು ಅವನು ಸರ್ಕಾರದ ಒಪ್ಪಿಗೆಯ ಮೇಲೆ ಕಟ್ಟಿದ.

ಆಕೆ ತಮ್ಮನ ಮನೆಗೆ ಮರಳಬೇಕಿಲ್ಲವೆಂದು ಆದೇಶವಾಯಿತು. ಈಗ ಚಳ್ಳಕೆರೆಯಲ್ಲಿ, ಹೆಣ್ಣುಮಕ್ಕಳಿಗೆಂದೇ ಇರುವ ಆಶ್ರಯಧಾಮವೊಂದರಲ್ಲಿದ್ದಾಳೆ. ಬಲಗಾಲನ್ನು ಎಳೆದುಕೊಂಡು ನಡೆಯುತ್ತಾಳೆ. ನನಗೂ ಒಂದು ನೋಟೀಸು ಬಂತು, ನನ್ನ ನಿವೃತ್ತಿ ಕಾಗದಗಳನ್ನು ತಡೆಹಿಡಿಯಲಾಗಿದೆ. ಅದರ ಬಗ್ಗೆ ನನ್ನ ತಕರಾರಿಲ್ಲ.

ತಿಂಗಳಿಗೊಮ್ಮೆ ಆಶ್ರಯಧಾಮಕ್ಕೆ ಹೋಗುತ್ತೇನೆ, ಮುಂಚಿತವಾಗಿ ಹೇಳದೆ. ಮೊದಲ ಸಲ ಹೋದಾಗ ಅದೇ ಶಿಕ್ಷಕಿ ಅಲ್ಲಿದ್ದರು. ಆಕೆ ನನ್ನನ್ನು ದೂರದಿಂದ ಕಂಡು, ಶಿಕ್ಷಕಿಯ ತೋಳು ತಟ್ಟಿ, ಎಡ ಹೆಬ್ಬೆರಳನ್ನು ಬಲ ಅಂಗೈಗೆ ಒತ್ತಿ ತೋರಿಸಿದಳು.

"ಏನಂತಾಳೆ?" ಎಂದೆ.

ಶಿಕ್ಷಕಿ ಸಂಕೋಚದಿಂದ ನಕ್ಕರು. "ಅದು ನೀವು ಸಾರ್. ನಿಮ್ಮ ಹೆಸರು."

ತಮ್ಮನ ಹೆಸರು ಕತ್ತರಿ, ನನ್ನದು ಇದು. ಮೂವತ್ತು ವರ್ಷ ನೆಟ್ಟಗೆ ಬರೆದವನಿಗೆ ಉಳಿದ ಹೆಸರು. ಇದನ್ನು ತಿದ್ದಲು ಯಾರಿಗೂ ಅರ್ಜಿ ಹಾಕುವಂತಿಲ್ಲ.

ಆದರೆ ಬೇರೆ ಒಂದು ಅರ್ಜಿ ಹಾಕಿದೆ. ಮಾರ್ಜಿನ್ ಬಿಟ್ಟು, ದಿನಾಂಕ ಹಾಕಿ, ಮಾಹಿತಿ ಹಕ್ಕಿನಡಿ ನಮ್ಮ ಪಂಚಾಯಿತಿಯ ಮಾಸಿಕ ನಮೂನೆಗಳನ್ನು ಕೇಳಿ ಪಡೆದೆ. ಆಕೆ ಹುಳ ಬಿದ್ದ ಕಾಲಿನೊಂದಿಗೆ ಆಸ್ಪತ್ರೆಯಲ್ಲಿದ್ದ ತಿಂಗಳ ನಮೂನೆಯಲ್ಲೂ ಆ ಚೌಕದಲ್ಲಿ 'ಇಲ್ಲ' ಎಂದೇ ಇದೆ. ವಿಚಾರಣೆ ನಡೆದ ತಿಂಗಳಲ್ಲೂ 'ಇಲ್ಲ'. ಆದೇಶವಾದ ತಿಂಗಳಲ್ಲೂ, ಅದಾದ ಮೇಲಿನ ಪ್ರತಿ ತಿಂಗಳಲ್ಲೂ 'ಇಲ್ಲ'. ಕೆಳಗೆ ಅಧ್ಯಕ್ಷರ ಸಹಿ, ಅಭಿವೃದ್ಧಿ ಅಧಿಕಾರಿಗಳ ಸಹಿ. ಅದೇ ಪಂಚಾಯಿತಿಯ ಪಟ್ಟಿಯಲ್ಲಿ ಹಾಸಿಗೆ ಹಿಡಿದವರಿದ್ದಾರೆ, ಬುದ್ಧಿ ಬೆಳೆಯದವರಿದ್ದಾರೆ, ಕಣ್ಣಿಲ್ಲದವರು, ಮಾತಿಲ್ಲದವರು, ಮರೆವಿನ ಮುದುಕರಿದ್ದಾರೆ. ಅವರ ಮನೆಗಳಿಗೆ ಇಂದಿಗೂ ಮುನ್ನಾದಿನ ನೀರುಗಂಟಿ ಹೋಗಿ ಹೇಳಿ ಬರುತ್ತಾನೆಂದು ನನಗೆ ಗೊತ್ತಿದೆ.

ನನ್ನ ತಪ್ಪನ್ನು ನಾನು ಬರೆದುಕೊಟ್ಟಿದ್ದೇನೆ. ಈಗ ನೀವು ಹೇಳಿ, ಸಹಿ ಹಾಕಿದವರೇ: ಈ ತಿಂಗಳ ಚೌಕದಲ್ಲಿ 'ಇಲ್ಲ' ಎಂದು ಬರೆಯುವ ಮೊದಲು, ಅವರಲ್ಲಿ ಯಾರನ್ನು ಕೇಳಿದಿರಿ?